ಕೇಂಬ್ರಿಡ್ಜ್ ಚಳಿಯಲ್ಲಿ ರಾಮಾನುಜನ್: ಕಂಬಳಿ ಹೊದೆಯುವ ರೀತಿಯೂ ಗೊತ್ತಿರಲಿಲ್ಲ!

ಗಣಿತಜ್ಞ ಶ್ರೀನಿವಾಸ ರಾಮಾನುಜನ್ 1914ರ ಮಾರ್ಚ್‌ನಲ್ಲಿ ಮದ್ರಾಸಿನಿಂದ ಹಡಗು ಹತ್ತಿದಾಗ ಅವರಿಗೆ 26 ವರ್ಷ. ಕೇಂಬ್ರಿಡ್ಜ್‌ನಲ್ಲಿ ಹಾರ್ಡಿ ಜೊತೆ ಗಣಿತವೇನೋ ಚೆನ್ನಾಗಿಯೇ ಸಾಗಿತ್ತು. ಕಷ್ಟವಾಗಿದ್ದು ದಿನನಿತ್ಯದ ಬದುಕು. ರಾತ್ರಿ ಚಳಿ ತಡೆಯಲಾಗದೆ ಓವರ್‌ಕೋಟ್ ಹಾಕಿಕೊಂಡು, ಶಾಲು ಹೊದ್ದು ಮಲಗುತ್ತಿದ್ದರು. ಹಾಸಿಗೆಗೆ ಬಿಗಿಯಾಗಿ ಸಿಕ್ಕಿಸಿಟ್ಟ ಕಂಬಳಿಗಳ ಒಳಗೆ ನುಸುಳಿ ಮಲಗಬೇಕು ಎಂದು ತೋರಿಸಿಕೊಟ್ಟವರು ಗೆಳೆಯ ಪಿ.ಸಿ. ಮಹಲನೋಬಿಸ್. ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ, ಪಾಪ, ಇವರೂ ಕೇಳಿರಲಿಲ್ಲ.

ಕಟ್ಟಾ ಸಸ್ಯಾಹಾರಿಯಾಗಿದ್ದರಿಂದ ರೂಮಿನಲ್ಲೇ ಅಡುಗೆ. ಮಹಾಯುದ್ಧ ಶುರುವಾದ ಮೇಲೆ ತರಕಾರಿಗೂ ಪರದಾಟ. ಪತ್ನಿ ಜಾನಕಿ ಬರೆದ ಪತ್ರಗಳು ಅತ್ತೆಯ ಕೈ ದಾಟಿ ಇಂಗ್ಲೆಂಡ್ ತಲುಪುತ್ತಿರಲಿಲ್ಲ.

1917ರಲ್ಲಿ ಆರೋಗ್ಯ ಕೈಕೊಟ್ಟಿತು. 1918ರಲ್ಲಿ ರಾಯಲ್ ಸೊಸೈಟಿ ಫೆಲೋ ಆದಾಗಲೂ ಅವರು ರೋಗಿಯೇ. 1919ರಲ್ಲಿ ತಾಯ್ನಾಡಿಗೆ ಮರಳಿ, ಮರುವರ್ಷ ಏಪ್ರಿಲ್ 26ರಂದು 32ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ಒಂದು ವರ್ಷ ಪಕ್ಕದಲ್ಲಿದ್ದು ಆರೈಕೆ ಮಾಡಿದ್ದು ಜಾನಕಿ.