ನಾಮದಾರ ಗೋಪಾಲ ಕೃಷ್ಣ ಗೋಖಲೆ

ಮರಾಠಿಯಲ್ಲಿ ನಾಮದಾರ ಎಂಬುದೊಂದು ಗೌರವವಾಚಕವಿದೆ. ಇಂದು ಅದು ಬಹುಮಟ್ಟಿಗೆ ಮಂತ್ರಿಗಳ ಹೆಸರಿನ ಹಿಂದೆ ಕಾಣಿಸುತ್ತದೆ. ಕನ್ನಡ, ಮರಾಠಿ ಎರಡರಲ್ಲಿಯೂ ಓದಿ ಬೆಳೆದ ನಮ್ಮಂಥ ಗಡಿನಾಡಿನವರಿಗೆ ಮಾತ್ರ ಆ ಪದ ಕಿವಿಗೆ ಬಿದ್ದೊಡನೆ ನೆನಪಾಗುವವರು ನಾಮದಾರ ಗೋಖಲೆ. ಗೋಪಾಲ ಕೃಷ್ಣ ಗೋಖಲೆಯವರು ಎಂದೂ ಮಂತ್ರಿಯಾದವರಲ್ಲ. ಅವರ ಕಾಲದಲ್ಲಿ ಶಾಸನಸಭೆಯ ಸದಸ್ಯತ್ವದಿಂದ ಈ ಗೌರವ ಬರುತ್ತಿತ್ತು. ಇಂದು ಉತ್ತರ ಕೊಡುವವರಿಗೆ ಸಲ್ಲುವ ಹೆಸರು ಅಂದು ಪ್ರಶ್ನೆ ಕೇಳಿದವರೊಬ್ಬರಿಗೆ ಸಂದಿತ್ತು. ಅವರ ಜೀವನವನ್ನು ಈ ಒಂದು ನೆಲೆಯಿಂದ ನೋಡುವುದು ನಮ್ಮ ವಿದ್ಯಾರ್ಥಿಗಳಿಗೆ ಉಪಯುಕ್ತವಾದೀತು.

ಗೋಖಲೆಯವರು ಹುಟ್ಟಿದ್ದು 1866ರ ಮೇ 9ರಂದು, ರತ್ನಾಗಿರಿ ಜಿಲ್ಲೆಯ ಕೋತಳೂಕ ಗ್ರಾಮದಲ್ಲಿ. ತಂದೆ ಕೃಷ್ಣರಾಯರು ಕಾಗಲ ಸಂಸ್ಥಾನದಲ್ಲಿ ಸಣ್ಣ ನೌಕರಿಯಲ್ಲಿದ್ದರು. ಕೊಲ್ಹಾಪುರದಿಂದ ನಿಪ್ಪಾಣಿಗೆ ಬರುವ ಹಾದಿಯಲ್ಲಿರುವ ಈ ಕಾಗಲವು ನಮ್ಮ ಗಡಿಗೆ ಹತ್ತಿರದ ಊರು. ಗೋಪಾಲನ ಬಾಲ್ಯ ಅಲ್ಲಿ ಕಳೆಯಿತು, ಮುಂದಿನ ಓದು ಕೊಲ್ಹಾಪುರದಲ್ಲಿ ಸಾಗಿತು. 1879ರಲ್ಲಿ ತಂದೆ ತೀರಿಕೊಂಡಾಗ ಅವನಿಗೆ 13 ವರ್ಷ. ಅಣ್ಣ ಗೋವಿಂದ ಓದು ಬಿಟ್ಟು ಕಾಗಲದಲ್ಲಿ 15 ರೂಪಾಯಿ ಸಂಬಳದ ನೌಕರಿಗೆ ಸೇರಿ, ಅದರಲ್ಲಿ 8 ರೂಪಾಯಿಯನ್ನು ತಿಂಗಳು ತಿಂಗಳೂ ತಮ್ಮನ ಓದಿಗೆ ಕಳುಹಿಸಿದ. ಆ 8 ರೂಪಾಯಿಯಲ್ಲಿ ಊಟ, ಪುಸ್ತಕ, ದೀಪದ ಎಣ್ಣೆ ಎಲ್ಲವೂ ನಡೆಯಬೇಕಿತ್ತು. ಬಡವನ ಮನೆಯಲ್ಲಿ ಒಂದು ಕಾಸಿನ ಬೆಲೆ ಏನೆಂಬುದನ್ನು ಅವರು ಪುಸ್ತಕದಿಂದ ತಿಳಿದುಕೊಳ್ಳಬೇಕಾಗಿರಲಿಲ್ಲ.

1884ರಲ್ಲಿ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಬಿ.ಎ. ಪದವಿ ಪಡೆದ ಗೋಖಲೆಯವರು ಪುಣೆಯ ನ್ಯೂ ಇಂಗ್ಲಿಷ್ ಸ್ಕೂಲಿಗೆ ಶಿಕ್ಷಕರಾಗಿ ಬಂದರು. ಮರುವರ್ಷಗಳಲ್ಲಿ ಡೆಕ್ಕನ್ ಎಜುಕೇಶನ್ ಸೊಸೈಟಿಯ ಆಜೀವ ಸದಸ್ಯರಾಗಿ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಠ ಹೇಳಿದರು. ಇಂಗ್ಲಿಷ್, ಗಣಿತ, ಇತಿಹಾಸ, ಅರ್ಥಶಾಸ್ತ್ರ ಹೀಗೆ ಬೇಕಾದ ವಿಷಯವನ್ನು ಬೇಕಾದಾಗ ಕಲಿಸಿದರು. ಅವರ ಅಂಕಗಣಿತದ ಪುಸ್ತಕ ಶಾಲೆಗಳಲ್ಲಿ ಬಹುಕಾಲ ಬಳಕೆಯಲ್ಲಿತ್ತು. ಮುಂದೆ ಸಾಮ್ರಾಜ್ಯದ ಅರ್ಥಸಚಿವರೆದುರು ಲೆಕ್ಕ ಬಿಡಿಸಲು ನಿಂತವರು ಮೊದಲು ಮಕ್ಕಳಿಗೆ ಲೆಕ್ಕ ಕಲಿಸಿದ್ದರು.

ಅವರ ನಿಜವಾದ ವಿದ್ಯಾಭ್ಯಾಸ ಪದವಿಯ ನಂತರ, ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರ ಬಳಿ ಆರಂಭವಾಯಿತು. ಪುಣೆಯ ಸಾರ್ವಜನಿಕ ಸಭೆಯು ಜನರ ಕಷ್ಟಗಳನ್ನು ಅರ್ಜಿಗಳ ರೂಪದಲ್ಲಿ ಸರ್ಕಾರಕ್ಕೆ ತಿಳಿಸುತ್ತಿದ್ದ ಸಂಸ್ಥೆ. ಅದರ ತ್ರೈಮಾಸಿಕ ಪತ್ರಿಕೆಯ ಸಂಪಾದನೆ ತರುಣ ಗೋಖಲೆಯವರ ಪಾಲಿಗೆ ಬಂತು. ಸರ್ಕಾರ ಅಚ್ಚು ಹಾಕಿಸುತ್ತಿದ್ದ ಕಂದಾಯದ ವರದಿ, ಕ್ಷಾಮದ ವರದಿ, ಸೇನಾ ವೆಚ್ಚದ ಪಟ್ಟಿಗಳನ್ನು ಗುರು ಶಿಷ್ಯರು ಕೂಡಿ ಓದಿದರು. ಶಿಷ್ಯ ಬರೆದದ್ದನ್ನು ಗುರು ಹೊಡೆದುಹಾಕಿ ಮತ್ತೆ ಬರೆಸುವರು. ಇಷ್ಟು ಶ್ರಮಪಟ್ಟು ಕಳುಹಿಸಿದ ಅರ್ಜಿಗೆ ಸರ್ಕಾರದಿಂದ ಬರುತ್ತಿದ್ದುದು ಹೆಚ್ಚೆಂದರೆ ತಲುಪಿತೆಂಬ ಒಂದು ಸಾಲು. ಶಿಷ್ಯ ಬೇಸರಗೊಂಡಾಗ ರಾನಡೆಯವರು ತಿಳಿಯಹೇಳಿದರು: ಅರ್ಜಿಯ ಮೇಲೆ ಸರ್ಕಾರದ ವಿಳಾಸವಿರುವುದು ಹೆಸರಿಗೆ ಮಾತ್ರ, ಅದನ್ನು ಓದಿ ಯೋಚಿಸಲು ಕಲಿಯಬೇಕಾದವರು ನಮ್ಮ ಜನ. ಈ ಪಾಠ ಗೋಖಲೆಯವರ ಮನಸ್ಸಿನಲ್ಲಿ ಕೊನೆಯವರೆಗೂ ನಿಂತಿತು.

1897ನೆಯ ವರ್ಷ ಅವರ ಬಾಳಿನಲ್ಲಿ ಏರು ಇಳಿವು ಎರಡನ್ನೂ ತಂದಿತು. ಭಾರತದ ಆಡಳಿತ ವೆಚ್ಚದ ವಿಚಾರಣೆಗಾಗಿ ಲಂಡನ್ನಿನಲ್ಲಿ ಕುಳಿತಿದ್ದ ವೆಲ್ಬಿ ಆಯೋಗದ ಮುಂದೆ ಸಾಕ್ಷ್ಯ ಹೇಳಲು ಈ ಅಧ್ಯಾಪಕರು ಹೋದರು. ಆಯೋಗದವರ ಸವಾಲುಗಳಿಗೆ ಅಂಕಿ ಅಂಶಗಳ ಬಲದಿಂದ ಉತ್ತರ ಕೊಟ್ಟು ಹೆಸರು ಗಳಿಸಿದರು. ಅದೇ ಸಮಯದಲ್ಲಿ ಪುಣೆಯಲ್ಲಿ ಪ್ಲೇಗು ಹಬ್ಬಿತ್ತು. ರೋಗಿಗಳನ್ನು ಹುಡುಕಲು ಸೈನಿಕರು ಮನೆಮನೆಗೆ ನುಗ್ಗುತ್ತಿದ್ದರು, ಜನ ನೊಂದಿದ್ದರು. ಸೈನಿಕರು ಇಬ್ಬರು ಸ್ತ್ರೀಯರ ಮೇಲೆ ಅತ್ಯಾಚಾರವೆಸಗಿದರು, ಅವರಲ್ಲಿ ಒಬ್ಬಳು ಪ್ರಾಣ ಕಳೆದುಕೊಂಡಳು ಎಂಬ ಸುದ್ದಿ ಊರಿನಿಂದ ಬಂದ ಪತ್ರಗಳಲ್ಲಿತ್ತು. ಗೋಖಲೆಯವರು ಅದನ್ನು ನಂಬಿ ಮ್ಯಾಂಚೆಸ್ಟರ್ ಗಾರ್ಡಿಯನ್ ಪತ್ರಿಕೆಗೆ ತಿಳಿಸಿದರು. ಬ್ರಿಟನ್ನಿನಲ್ಲಿ ಗದ್ದಲವೆದ್ದಿತು, ಮುಂಬಯಿ ಸರ್ಕಾರ ಆಧಾರ ಕೇಳಿತು. ತಾಯ್ನಾಡಿಗೆ ಮರಳಿ ವಿಚಾರಿಸಿದಾಗ ಮುಂದೆ ನಿಂತು ಸಾಕ್ಷಿ ಹೇಳುವವರು ಯಾರೂ ದೊರೆಯಲಿಲ್ಲ. ಪತ್ರ ಬರೆದವರ ಹೆಸರುಗಳನ್ನು ಹೊರಗೆಡಹಿ ಅವರನ್ನು ಅಪಾಯಕ್ಕೆ ಒಡ್ಡಲು ಗೋಖಲೆಯವರು ಒಪ್ಪಲಿಲ್ಲ. ಮಾತು ತಮ್ಮದು, ಹೊಣೆಯೂ ತಮ್ಮದು ಎಂದು ಬಗೆದು ಗವರ್ನರರ ಮತ್ತು ಸೈನಿಕರ ಕ್ಷಮೆಯನ್ನು ಷರತ್ತಿಲ್ಲದೆ ಬಹಿರಂಗವಾಗಿ ಬೇಡಿದರು.

ಪುಣೆಯ ಜನ ಇದನ್ನು ಸಹಿಸಲಿಲ್ಲ. ಹೇಡಿಯೆಂದು ಹಳಿದವರು ಅನೇಕರು. ಜನರ ಸಂಕಟ ಸುಳ್ಳಾಗಿರಲಿಲ್ಲ, ಆದರೆ ಆ ಒಂದು ಆರೋಪಕ್ಕೆ ಪುರಾವೆ ಇರಲಿಲ್ಲ. ಈ ಎರಡರ ನಡುವಣ ಅಂತರ ಎಷ್ಟು ದೊಡ್ಡದೆಂಬುದನ್ನು ಗೋಖಲೆಯವರು ಅವಮಾನದ ಬೆಲೆ ತೆತ್ತು ಕಲಿತರು. ಬಳಿಕ ಅದೇ ಊರಿನಲ್ಲಿ ಪ್ಲೇಗು ಮರುಕಳಿಸಿದಾಗ ಸ್ವಯಂಸೇವಕರಾಗಿ ದುಡಿದರು. ಮುಂದಿನ 17 ವರ್ಷಗಳ ಸಾರ್ವಜನಿಕ ಜೀವನದಲ್ಲಿ ತಾವು ಪರೀಕ್ಷಿಸದ ಒಂದು ಅಂಕಿಯನ್ನೂ ಆಡಬಾರದೆಂಬ ನಿಯಮವನ್ನು ಅವರು ವ್ರತದಂತೆ ಪಾಲಿಸಿದರು. ಅವರ ಪ್ರಶ್ನೆಗಳಿಗೆ ಬಂದ ತೂಕದ ಮೂಲವನ್ನು ಹುಡುಕುವವರು ಈ ಸೋಲಿನಿಂದಲೇ ಆರಂಭಿಸಬೇಕು.

1899ರ ಕೊನೆಯಲ್ಲಿ ಅವರು ಮುಂಬಯಿ ಶಾಸನಸಭೆಗೆ ಆಯ್ಕೆಯಾದರು. ಅಂದಿನ ಸಭೆಗಳು ಹೇಗಿದ್ದವೆಂಬುದನ್ನು ಇಲ್ಲಿ ಸ್ವಲ್ಪ ತಿಳಿಯಬೇಕು. 1861ರ ಕಾಯಿದೆಯಂತೆ ಶಾಸನಸಭೆಗೆ ಕಾನೂನು ಮಾಡುವುದರ ಹೊರತು ಬೇರೆ ಕೆಲಸವಿರಲಿಲ್ಲ, ಆಡಳಿತವನ್ನು ಪ್ರಶ್ನಿಸುವ ಅಧಿಕಾರವೂ ಇರಲಿಲ್ಲ. 1892ರ ಕಾಯಿದೆ ಎರಡು ಕಿರುಬಾಗಿಲುಗಳನ್ನು ತೆರೆಯಿತು. ಸದಸ್ಯರು ಆಯವ್ಯಯದ ಮೇಲೆ ಮಾತನಾಡಬಹುದು, ಆದರೆ ಮತ ಹಾಕುವಂತಿಲ್ಲ. ಪ್ರಶ್ನೆ ಕೇಳಬಹುದು, ಆದರೆ ಉತ್ತರದ ಮೇಲೆ ಚರ್ಚಿಸುವಂತಿಲ್ಲ. ಅಧ್ಯಕ್ಷರು ಬೇಡವೆಂದರೆ ಪ್ರಶ್ನೆಯೇ ಬಿದ್ದುಹೋಗುತ್ತಿತ್ತು. ಉತ್ತರದಿಂದ ಹುಟ್ಟುವ ಮರುಪ್ರಶ್ನೆಗೆ, ನಾವು ಇಂದು ಉಪಪ್ರಶ್ನೆ ಎನ್ನುವುದಕ್ಕೆ, ಅವಕಾಶ ದೊರೆತದ್ದು 1909ರ ಸುಧಾರಣೆಯಲ್ಲಿ. ಅದೂ ಮೂಲ ಪ್ರಶ್ನೆ ಕೇಳಿದ ಸದಸ್ಯನೊಬ್ಬನಿಗೆ ಮಾತ್ರ.

ಇಂಥ ಸಭೆಯಲ್ಲಿ ಕೂಡುವುದೇ ವ್ಯರ್ಥವೆಂದು ವಾದಿಸಿದವರಿದ್ದರು. ಗೋಖಲೆಯವರಿಗೂ ಅಲ್ಲಿನ ಮಿತಿ ತಿಳಿಯದೆ ಇರಲಿಲ್ಲ. 1901ರಲ್ಲಿ ಮುಂಬಯಿ ಸರ್ಕಾರ ಕಂದಾಯ ಕಾನೂನಿಗೆ ತಿದ್ದುಪಡಿ ತಂದಿತು. ಕ್ಷಾಮದಲ್ಲಿ ಕಂದಾಯ ಕಟ್ಟಲಾರದೆ ರೈತ ಕಳೆದುಕೊಂಡ ಭೂಮಿಯನ್ನು ಮತ್ತೆ ಕೊಡುವಾಗ, ಮಾರಾಟದ ಹಕ್ಕಿಲ್ಲದೆ ಕೊಡುವ ಅಧಿಕಾರ ಅದರಲ್ಲಿತ್ತು. ಅವಸರ ಬೇಡ, ಜನಾಭಿಪ್ರಾಯ ಕೇಳಿರಿ ಎಂಬ ಬೇಡಿಕೆ ಬಿದ್ದುಹೋದಾಗ ಫಿರೋಜಶಹಾ ಮೆಹತಾ ಸಭೆಯಿಂದ ಹೊರನಡೆದರು. ಅವರ ಸಂಗಡ ಹೊರಟವರಲ್ಲಿ ಗೋಖಲೆಯವರೂ ಒಬ್ಬರು. ಆದರೂ ಸಭಾತ್ಯಾಗ ಅವರ ಸ್ವಭಾವಕ್ಕೆ ಒಗ್ಗಿದ ದಾರಿಯಲ್ಲ. ಒಳಗೆ ಕುಳಿತು, ಸರ್ಕಾರದ ಲೆಕ್ಕವನ್ನು ಸರ್ಕಾರದ ಎದುರಿಗೇ ಬಿಡಿಸಿಡುವುದು ಅವರ ಮಾರ್ಗವಾಗಿತ್ತು.

1902ರಲ್ಲಿ ಮೆಹತಾ ಅವರಿಂದ ತೆರವಾದ ಸ್ಥಾನಕ್ಕೆ ಗೋಖಲೆಯವರು ಕಲ್ಕತ್ತೆಯ ಸಾಮ್ರಾಜ್ಯ ಶಾಸನಸಭೆಗೆ ಬಂದರು. ಅಧ್ಯಕ್ಷ ಪೀಠದಲ್ಲಿ ವೈಸರಾಯ್ ಲಾರ್ಡ್ ಕರ್ಜನ್, ಮಂತ್ರಿಗಳ ಸ್ಥಾನದಲ್ಲಿ ಅವರ ಕಾರ್ಯಕಾರಿ ಮಂಡಲದ ಸದಸ್ಯರು, ಸುತ್ತಲೂ ಸರ್ಕಾರಿ ಬಹುಮತ. ಅರ್ಥಸದಸ್ಯ ಸರ್ ಎಡ್ವರ್ಡ್ ಲಾ ಅವರು ಬೊಕ್ಕಸದಲ್ಲಿ ಉಳಿತಾಯವಿದೆಯೆಂದು ಸಂತೋಷದಿಂದ ಸಾರಿದ್ದರು. ವಿರೋಧಿಸುವುದಕ್ಕೆ ಅಲ್ಲೇನಿದೆ ಎಂದು ಎಲ್ಲರೂ ಭಾವಿಸಿದ್ದಾಗ ಮಾರ್ಚ್ 26ರಂದು ಗೋಖಲೆಯವರು ಎದ್ದು ಆ ಉಳಿತಾಯದ ಹುಟ್ಟನ್ನೇ ಪರೀಕ್ಷೆಗೆ ಒಡ್ಡಿದರು.

ಅವರ ತರ್ಕ ಸರಳವಾಗಿತ್ತು. ಭಾರತ ಸರ್ಕಾರ ಇಂಗ್ಲೆಂಡಿನಲ್ಲಿ ಮಾಡುವ ವೆಚ್ಚವನ್ನು ಪೌಂಡುಗಳಲ್ಲಿ ತೆರಬೇಕಿತ್ತು. ಹಿಂದೆ ರೂಪಾಯಿಯ ವಿನಿಮಯ ಬೆಲೆ ಕುಸಿದಾಗ ಹೆಚ್ಚು ರೂಪಾಯಿ ಬೇಕೆಂದು ತೆರಿಗೆ ಏರಿಸಿದರು. ಉಪ್ಪಿನ ಸುಂಕ 1888ರಲ್ಲಿ ಮಣಕ್ಕೆ ಎರಡೂವರೆ ರೂಪಾಯಿಯಾಯಿತು. ಟಂಕಸಾಲೆಗಳ ನೀತಿ ಬದಲಾದ ಮೇಲೆ ರೂಪಾಯಿಯ ಬೆಲೆ ಚೇತರಿಸಿಕೊಂಡು 16 ಪೆನ್ಸಿಗೆ ನಿಂತಿತು, ಅದೇ ಪೌಂಡುಗಳಿಗೆ ಈಗ ಕಡಿಮೆ ರೂಪಾಯಿ ಸಾಕು. ಆದರೆ ಏರಿಸಿದ ತೆರಿಗೆ ಇಳಿಯಲಿಲ್ಲ. ಹೀಗೆ ಕೂಡಿಬಿದ್ದ ಹಣವನ್ನು ದೇಶದ ಸಮೃದ್ಧಿಯೆಂದು ಕರೆಯುವುದು ಸಲ್ಲದು, ಕ್ಷಾಮದಿಂದ ಬಳಲಿದ ಬಡವನ ಉಪ್ಪಿನಿಂದ ಅಗತ್ಯಕ್ಕಿಂತ ಹೆಚ್ಚಾಗಿ ತೆಗೆದ ಹಣವದು ಎಂದು ಅವರು ತೋರಿಸಿಕೊಟ್ಟರು. ಉಪಯೋಗಿಸಿದ ಅಂಕಿಗಳೆಲ್ಲ ಸರ್ಕಾರದ ವರದಿಗಳವೇ ಆಗಿದ್ದುದರಿಂದ ಅಲ್ಲಗಳೆಯುವುದು ಸುಲಭವಾಗಿರಲಿಲ್ಲ.

ಅಂದು ಮತಕ್ಕೆ ಹಾಕುವ ಮಾತೇ ಇರಲಿಲ್ಲ. ಆದರೆ ವರ್ಷ ತುಂಬುವುದರೊಳಗೆ, 1903ರಲ್ಲಿ, ಉಪ್ಪಿನ ಸುಂಕ 2 ರೂಪಾಯಿಗೆ ಇಳಿಯಿತು. ಆದಾಯ ತೆರಿಗೆಯ ವಿನಾಯಿತಿ 500 ರೂಪಾಯಿಯಿಂದ 1,000ಕ್ಕೆ ಏರಿತು. ಸುಂಕ 1905ರಲ್ಲಿ ಒಂದೂವರೆ ರೂಪಾಯಿಗೆ, 1907ರಲ್ಲಿ 1 ರೂಪಾಯಿಗೆ ಬಂದಿತು. ಇದೆಲ್ಲವೂ ಒಬ್ಬರಿಂದಲೇ ಆಯಿತೆನ್ನುವುದು ಅತಿಶಯೋಕ್ತಿ. ಪ್ರತಿವರ್ಷ ಎದ್ದು ನಿಂತು, ಅದೇ ಪ್ರಶ್ನೆಯನ್ನು ಹೊಸ ಅಂಕಿಗಳೊಂದಿಗೆ ಕೇಳುವ ಒಬ್ಬರು ಅಲ್ಲಿದ್ದರು ಎಂಬುದಂತೂ ದಿಟ. ಸೇನೆಗೆ ಇಷ್ಟೇಕೆ, ಶಿಕ್ಷಣಕ್ಕೆ ಇಷ್ಟೇ ಏಕೆ, ಮೇಲಿನ ಹುದ್ದೆಗಳಲ್ಲಿ ಭಾರತೀಯರೆಲ್ಲಿ ಎಂಬವು ಅವರು ಬಿಡದೆ ಹಿಡಿದ ವಿಷಯಗಳು. 1910ರ ಫೆಬ್ರವರಿಯಲ್ಲಿ ನೆಟಾಲಿಗೆ ಕರಾರು ಕೂಲಿಗಳನ್ನು ಕಳುಹಿಸುವುದನ್ನು ನಿಲ್ಲಿಸಬೇಕೆಂದು ಅವರು ತಂದ ನಿರ್ಣಯವನ್ನು ಸರ್ಕಾರ ಒಪ್ಪಿತು, ಮರುವರ್ಷ ಜುಲೈಯಿಂದ ಆ ರವಾನೆ ನಿಂತಿತು.

ಅವರ ಹೃದಯಕ್ಕೆ ಅತಿ ಹತ್ತಿರವಾಗಿದ್ದುದು ಪ್ರಾಥಮಿಕ ಶಿಕ್ಷಣ. 1911ರ ಮಾರ್ಚ್ 16ರಂದು ಮಂಡಿಸಿದ ಮಸೂದೆಯಲ್ಲಿ ಅವರು ಕೇಳಿದ್ದು ಬಹಳ ಕಡಿಮೆ. ಸ್ಥಳೀಯ ಸಂಸ್ಥೆಗಳು ಸರ್ಕಾರದ ಒಪ್ಪಿಗೆ ಪಡೆದು, ತಮ್ಮ ಪ್ರದೇಶದಲ್ಲಿ 6ರಿಂದ 10 ವರ್ಷದ ಗಂಡುಮಕ್ಕಳಿಗೆ ಶಾಲೆಯನ್ನು ಕಡ್ಡಾಯ ಮಾಡಬಹುದು. ಬಡವರ ಮಕ್ಕಳಿಗೆ ಶುಲ್ಕ ಬೇಡ. ಮುಂದೆ ಹೆಣ್ಣುಮಕ್ಕಳಿಗೂ ವಿಸ್ತರಿಸಬಹುದು. ಬಡೋದೆಯ ಸಂಸ್ಥಾನದಲ್ಲಿ ನಡೆಯುತ್ತಿರುವುದು ಬ್ರಿಟಿಷ್ ಇಂಡಿಯಾದಲ್ಲಿ ಏಕೆ ಆಗದು ಎಂಬುದು ಅವರ ಪ್ರಶ್ನೆ. ಹಣವಿಲ್ಲ, ಕಾಲ ಪಕ್ವವಾಗಿಲ್ಲ, ಜನ ಹೊಸ ತೆರಿಗೆ ಸಹಿಸರು ಎಂಬ ಉತ್ತರಗಳು ಬಂದವು. ವಿರೋಧಿಸಿದವರಲ್ಲಿ ಕೆಲವು ಭಾರತೀಯ ಸದಸ್ಯರೂ ಇದ್ದರು. 1912ರ ಮಾರ್ಚ್ 19ರಂದು ಮಸೂದೆ 13ಕ್ಕೆ 38 ಮತಗಳಿಂದ ಬಿದ್ದುಹೋಯಿತು. ಬೀಳುವುದೆಂದು ತಿಳಿದೇ ಅವರು ಅಂದು ಮಾತನಾಡಿದ್ದರು. ರಾನಡೆಯವರ ಪಾಠ ನೆನಪಿದ್ದವರಿಗೆ ಅದರ ಅರ್ಥ ಹೊಳೆಯುತ್ತದೆ: ಮಸೂದೆಯ ವಿಳಾಸ ಸಭೆಗಿತ್ತು, ಓದುಗರು ಹೊರಗಿದ್ದರು.

ಮೈಸೂರು ಸಂಸ್ಥಾನ 1913ರಲ್ಲಿ ಪ್ರಾಥಮಿಕ ಶಿಕ್ಷಣದ ಶಾಸನ ಮಾಡಿತು. ಗೋಖಲೆಯವರು ಓದಿದ ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು 1917ರಲ್ಲಿ ಕಡ್ಡಾಯ ಶಿಕ್ಷಣ ತಂದರು. ಮುಂಬಯಿ ಪ್ರಾಂತದಲ್ಲಿ ವಿಠ್ಠಲಭಾಯಿ ಪಟೇಲರ ಯತ್ನದಿಂದ 1918ರಲ್ಲಿ ಕಾಯಿದೆಯಾಯಿತು. ಇಡೀ ದೇಶದ ಮಕ್ಕಳಿಗೆ ಅದು ಹಕ್ಕಾಗಿ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು.

ಇವುಗಳಲ್ಲಿ ಹೆಚ್ಚಿನವನ್ನು ನೋಡಲು ಗೋಖಲೆಯವರು ಉಳಿಯಲಿಲ್ಲ. 1905ರಲ್ಲಿ ತಾವು ಸ್ಥಾಪಿಸಿದ ಭಾರತ ಸೇವಕ ಸಮಾಜದ ಹೊಣೆ, ಅದೇ ವರ್ಷದ ಕಾಶಿ ಕಾಂಗ್ರೆಸ್ಸಿನ ಅಧ್ಯಕ್ಷತೆ, ಗಾಂಧೀಜಿಯವರ ಹೋರಾಟಕ್ಕೆ ಬೆಂಬಲವಾಗಿ 1912ರ ದಕ್ಷಿಣ ಆಫ್ರಿಕಾ ಪ್ರವಾಸ, ಮಧುಮೇಹದಿಂದ ಬಳಲಿದ ದೇಹ. ಸರ್ಕಾರ ಕೊಡಬಂದ ಸರ್ ಪದವಿಯನ್ನು ಅವರು ಸ್ವೀಕರಿಸಲಿಲ್ಲ. 1915ರ ಫೆಬ್ರವರಿ 19ರಂದು ಪುಣೆಯಲ್ಲಿ ತೀರಿಕೊಂಡಾಗ ವಯಸ್ಸು 48. ಬದುಕಿನುದ್ದಕ್ಕೂ ಅವರ ಮಾರ್ಗವನ್ನು ಒಪ್ಪದಿದ್ದ ಲೋಕಮಾನ್ಯ ತಿಲಕರು ಚಿತೆಯ ಬಳಿ ನಿಂತು ಅವರ ಗುಣವನ್ನು ಕೊಂಡಾಡಿದರು.

ಕನ್ನಡಿಗರಿಗೆ ಗೋಖಲೆಯವರನ್ನು ಹತ್ತಿರ ಮಾಡಿದವರು ಡಿ.ವಿ. ಗುಂಡಪ್ಪನವರು. ಅವರು ಗೋಖಲೆಯವರ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆದರು, 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. ಸ್ವತಃ ಮೈಸೂರಿನ ಶಾಸನಸಭೆಯಲ್ಲಿ ಕುಳಿತಿದ್ದ ಅವರಿಗೆ ಪ್ರಶ್ನೆಯ ಹಿಂದಿರುವ ಪರಿಶ್ರಮ ಏನೆಂಬುದು ಗೊತ್ತಿತ್ತು. ಡಿ.ವಿ.ಜಿ.ಯವರನ್ನು ಕವಿಯೆಂದು ಮಾತ್ರ ಓದುವ ನಮ್ಮ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಈ ಗದ್ಯದ ಕಡೆಗೂ ಗಮನ ಹರಿಸಬೇಕು.

ಇಂದು ಸಂಸತ್ತಿನಲ್ಲಿ ಪ್ರಶ್ನೋತ್ತರದ ವೇಳೆಯಿದೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಎದ್ದು ನಿಂತು ಉತ್ತರಿಸುತ್ತಾರೆ, ಉಪಪ್ರಶ್ನೆಯನ್ನು ಇತರ ಸದಸ್ಯರೂ ಕೇಳಬಹುದು. ಗೋಖಲೆಯವರಿಗೆ ಇದರ ಕಾಲುಪಾಲು ಅವಕಾಶವೂ ಇರಲಿಲ್ಲ. ಅವರಿಗಿದ್ದುದು ವರದಿಗಳನ್ನು ಕೊನೆಯ ಪುಟದವರೆಗೆ ಓದುವ ತಾಳ್ಮೆ, ಮತ್ತು ಒಮ್ಮೆ ತಪ್ಪಿದುದನ್ನು ಎಲ್ಲರೆದುರು ಒಪ್ಪಿಕೊಂಡ ನೆನಪು. ಉತ್ತರ ಕೇಳುವ ಹಕ್ಕನ್ನು ಕಾಯಿದೆ ಕೊಡಬಹುದು, ಆ ಪ್ರಶ್ನೆಗೆ ಬೇಕಾದ ತೂಕವನ್ನು ಕೇಳುವವರೇ ದುಡಿದು ಗಳಿಸಬೇಕು.