ಕಾಜಾ ಹಾಕಲು ಬಾರದ ಮೆಷಿನ್ನು, ಅದನ್ನು ಮಾಡಿದ ಮನುಷ್ಯ

ಫಸ್ಟ್ ಇಯರ್ ವರ್ಕ್‌ಶಾಪಿಗೆ ಹಾಕಿಕೊಂಡು ಹೋಗುವ ಖಾಕಿ ಕೋಟಿನಲ್ಲಿ ಗುಂಡಿ ಕಿತ್ತುಹೋದಾಗ ಮಾತ್ರ ನಮಗೆ ಗುಂಡಿಯ ನೆನಪಾಗೋದು. ಅದು ಹೋಗಿ ಕೂರುವ ಕಾಜಾ ಕಡೆಗಂತೂ ನಾವ್ಯಾರೂ ನೋಡಲ್ಲ. ಒಮ್ಮೆ ಬಗ್ಗಿ ನೋಡಿ. ಸೀಳಿನ ಎರಡೂ ಅಂಚಿಗೆ ಒತ್ತೊತ್ತಾಗಿ ಅಡ್ಡಡ್ಡ ಹೊಲಿಗೆ, ಎರಡು ತುದಿಗಳಲ್ಲಿ ಸೀಳು ಹಿಗ್ಗದ ಹಾಗೆ ಗಟ್ಟಿ ಹೊಲಿಗೆ. ಊರ ಟೈಲರ್ ಅಂಗಡಿಯಲ್ಲಿ ಇಡೀ ಶರ್ಟನ್ನು ಕಾಲಲ್ಲಿ ತುಳಿದು ಸರಸರ ಹೊಲಿದು ಮುಗಿಸಿದವರು, ಕಾಜಾ ಗುಂಡಿಗೆ ಮಾತ್ರ ಕೈಯಲ್ಲಿ ಸೂಜಿ ಹಿಡಿದು ಕೂರೋದನ್ನ ನೀವೂ ನೋಡಿರ್ತೀರಿ. ಇದು ಯಾಕೆ ಹೀಗೆ ಅಂತ ಹುಡುಕಿಕೊಂಡು ಹೋದರೆ ನಾವು ಎಲಿಯಾಸ್ ಹೌ ಅವರ ಬದುಕಿಗೆ ಹೋಗಿ ನಿಲ್ಲುತ್ತೇವೆ. ನಮ್ಮ ಜನರಲ್ ನಾಲೆಡ್ಜ್ ಪುಸ್ತಕಗಳಲ್ಲಿ ಹೊಲಿಗೆ ಯಂತ್ರದ ಎದುರಿಗೆ ಹೋವೆ ಎಂದು ಬರೆದಿರುತ್ತಲ್ಲ, ಅವರೇ ಇವರು.

ಹುಟ್ಟಿದ್ದು 1819ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್‌ನ ಸ್ಪೆನ್ಸರ್ ಎಂಬ ಊರಿನಲ್ಲಿ, ರೈತರ ಮನೆಯಲ್ಲಿ. ಚಿಕ್ಕಂದಿನಿಂದಲೇ ಕಾಲು ಕುಂಟು, ಹೊಲದ ಕೆಲಸ ಆಗ್ತಿರಲಿಲ್ಲ. ಹದಿಹರೆಯದಲ್ಲೇ ಲೋವೆಲ್ ನಗರಕ್ಕೆ ಹೋಗಿ ಬಟ್ಟೆ ಗಿರಣಿಯ ಯಂತ್ರ ತಯಾರಿಸುವ ಕಡೆ ಕೆಲಸಕ್ಕೆ ಸೇರಿದರು. 1837ರ ಆರ್ಥಿಕ ಕುಸಿತದಲ್ಲಿ ಆ ಕೆಲಸವೂ ಹೋಯಿತು. ಆಮೇಲೆ ಬಾಸ್ಟನ್‌ನಲ್ಲಿ ಆರಿ ಡೇವಿಸ್ ಎಂಬುವರ ಉಪಕರಣಗಳ ವರ್ಕ್‌ಶಾಪು. ಹೊಲಿಯುವ ಮೆಷಿನ್ ಮಾಡಿದವರು ದೊಡ್ಡ ಶ್ರೀಮಂತರಾಗ್ತಾರೆ ಅನ್ನೋ ಮಾತು ಇವರ ಕಿವಿಗೆ ಬಿದ್ದದ್ದು ಅಲ್ಲೇ. ಅಷ್ಟರಲ್ಲಿ ಮದುವೆಯಾಗಿ ಮೂರು ಮಕ್ಕಳು. ಸಂಬಳ ವಾರಕ್ಕೆ 9 ಡಾಲರ್. ಸಾಲದ್ದಕ್ಕೆ ಹೆಂಡತಿ ಎಲಿಜಬೆತ್ ಬೇರೆಯವರ ಬಟ್ಟೆ ಹೊಲಿದು ಕೊಡ್ತಿದ್ದರು.

ಹೆಂಡತಿಯ ಕೈ ಹೇಗೆ ಆಡುತ್ತೆ ಅಂತ ನೋಡಿ ಅದನ್ನೇ ಯಂತ್ರದಲ್ಲಿ ನಕಲು ಮಾಡಲು ಹೊರಟಿದ್ದು ಮೊದಲ ಪ್ರಯತ್ನ. ಎರಡೂ ತುದಿ ಚೂಪಾದ ಸೂಜಿ, ನಡುವೆ ಕಣ್ಣು. ಅದು ಕೈಕೊಟ್ಟಿತು. ಕೈಯನ್ನು ನಕಲು ಮಾಡೋದನ್ನ ಬಿಟ್ಟಮೇಲೇ ದಾರಿ ಸಿಕ್ಕಿದ್ದು. ಸೂಜಿಯ ಕಣ್ಣನ್ನು ಮೊನೆಯ ಹತ್ತಿರ ತಂದರು. ಸೂಜಿ ಬಟ್ಟೆಯನ್ನು ಪೂರ್ತಿ ದಾಟಿ ಹೋಗಲ್ಲ, ಒಳಹೊಕ್ಕು ಸ್ವಲ್ಪ ಹಿಂದೆ ಸರಿದಾಗ ದಾರ ಒಂದು ಕುಣಿಕೆಯಾಗಿ ನಿಲ್ಲುತ್ತೆ. ಆ ಕುಣಿಕೆಯೊಳಗೆ ಎರಡನೇ ದಾರ ಹೊತ್ತ ಶಟಲ್ ನುಗ್ಗಿ ಹೋಗುತ್ತೆ. ಶಟಲ್ ಎಂದರೆ ಮಗ್ಗದ ಲಾಳಿ, ಗಿರಣಿಯಲ್ಲಿ ಕೆಲಸ ಮಾಡಿದವರಿಗೆ ಹೊಸದೇನಲ್ಲ. ಎರಡು ದಾರ ಬಟ್ಟೆಯ ನಡುವೆ ಕೊಂಡಿ ಹಾಕಿಕೊಳ್ಳುತ್ತವೆ. ಇವತ್ತಿಗೂ ಮನೆಮನೆಯ ಮೆಷಿನ್ನಿನಲ್ಲಿ ನಡೆಯೋದು ಇದೇ. ಕಣ್ಣಿರುವ ಈಟಿಗಳು ಕನಸಿನಲ್ಲಿ ಬಂದವು ಅನ್ನೋ ಕಥೆಯೂ ಇದೆ. ನಮಗೇನೋ ಕನಸಿಗಿಂತ ಲೋವೆಲ್‌ನ ಆ ಕೆಲಸದ ಮೇಲೆ ನಂಬಿಕೆ ಜಾಸ್ತಿ.

ಜಾರ್ಜ್ ಫಿಶರ್ ಎಂಬ ಗೆಳೆಯ ಅರ್ಧ ಪಾಲಿನ ಕರಾರಿಗೆ 500 ಡಾಲರ್ ಕೊಟ್ಟು, ಸಂಸಾರ ಸಮೇತ ಮನೆಯಲ್ಲಿಟ್ಟುಕೊಂಡರು. 1845ರಲ್ಲಿ ಮೆಷಿನ್ ತಯಾರಾಯಿತು. ಅದರಲ್ಲೇ ತನಗೊಂದು, ಫಿಶರ್‌ಗೊಂದು ಸೂಟು ಹೊಲಿದರು. ಬಾಸ್ಟನ್‌ನಲ್ಲಿ ಐದು ಜನ ಹೊಲಿಗೆಯ ಹುಡುಗಿಯರ ಎದುರು ಪಂದ್ಯ ಇಟ್ಟು ಗೆದ್ದರು. ಮೆಷಿನ್ ಮಾತ್ರ ಒಂದೂ ಮಾರಾಟ ಆಗಲಿಲ್ಲ. ದರ್ಜಿಗಳಿಗೆ ಹೊಟ್ಟೆಪಾಡಿನ ಭಯ, ಮಾಲೀಕರಿಗೆ ಬೆಲೆಯ ಭಯ. 1846ರ ಸೆಪ್ಟೆಂಬರ್ 10ಕ್ಕೆ ಪೇಟೆಂಟ್ ಸಿಕ್ಕಿತು, ನಂಬರ್ 4750.

ಇಲ್ಲಿ ಆ ಮೆಷಿನ್ನಿನ ಮಿತಿಯನ್ನೂ ಹೇಳ್ಬೇಕು. ಅದರಲ್ಲಿ ಬಟ್ಟೆಯನ್ನು ಒಂದು ಲೋಹದ ಪಟ್ಟಿಯ ಮುಳ್ಳುಗಳಿಗೆ ಚುಚ್ಚಿ ನೇತುಹಾಕಬೇಕಿತ್ತು. ಪಟ್ಟಿ ಎಷ್ಟುದ್ದವೋ ಅಷ್ಟೇ ಹೊಲಿಗೆ, ಮುಗಿದರೆ ಮತ್ತೆ ಚುಚ್ಚಬೇಕು. ಹೊಲಿಗೆ ನೇರ ಗೆರೆಯಲ್ಲೇ ಹೋಗಬೇಕು. ಕಾಜಾಕ್ಕೆ ಬೇಕಿರೋದು ಬೇರೆಯೇ ಚಲನೆ. ಒಂದು ಕುತ್ತು ಎಡಕ್ಕೆ, ಮುಂದಿನದು ಬಲಕ್ಕೆ, ನಡುವೆ ಬಟ್ಟೆ ಕೂದಲೆಳೆಯಷ್ಟು ಮುಂದೆ. ಗುಂಡಿ ಹಚ್ಚಲು ಬಟ್ಟೆ ಮುಂದೆ ಹೋಗಲೇಬಾರದು, ಸೂಜಿ ಮಾತ್ರ ಒಂದು ತೂತಿನಿಂದ ಇನ್ನೊಂದಕ್ಕೆ ಹಾರಬೇಕು. ಎಲಿಯಾಸ್ ಅವರ ಸೂಜಿಗೆ ಈ ಅಡ್ಡ ಓಡಾಟ ಇರಲೇ ಇಲ್ಲ.

ಅಮೆರಿಕದಲ್ಲಿ ಯಾರೂ ಕೊಳ್ಳದಿದ್ದಾಗ ಅಣ್ಣತಮ್ಮಂದಿರಲ್ಲಿ ಒಬ್ಬರಾದ ಅಮಾಸ ಮೆಷಿನ್ನನ್ನು ಲಂಡನ್ನಿಗೆ ಒಯ್ದರು. ವಿಲಿಯಂ ಥಾಮಸ್ ಎಂಬ ಕಾರ್ಸೆಟ್ ತಯಾರಕ 250 ಪೌಂಡಿಗೆ ಇಂಗ್ಲೆಂಡಿನ ಹಕ್ಕುಗಳನ್ನು ಬಾಚಿಕೊಂಡ. ಎಲಿಯಾಸ್ ಕೂಡ ಅಲ್ಲಿಗೆ ಹೋಗಿ ಅವನ ಕೈಕೆಳಗೆ ದುಡಿದರು, ಕೊನೆಗೆ ಜಗಳವಾಗಿ ಹೊರಬಿದ್ದರು. ಕೈಯಲ್ಲಿ ಕಾಸಿಲ್ಲ. ಸಂಸಾರವನ್ನು ಮೊದಲು ಊರಿಗೆ ಕಳಿಸಿ, ಮೆಷಿನ್ನನ್ನೂ ಪೇಟೆಂಟ್ ಪತ್ರವನ್ನೂ ಅಡವಿಟ್ಟು ತಾವು 1849ರಲ್ಲಿ ವಾಪಸ್ ಬಂದರು. ಬರುವಷ್ಟರಲ್ಲಿ ಎಲಿಜಬೆತ್ ಕ್ಷಯದಿಂದ ಹಾಸಿಗೆ ಹಿಡಿದಿದ್ದರು. ಸ್ವಲ್ಪ ದಿನಕ್ಕೇ ತೀರಿಕೊಂಡರು. ಯಾರ ಕೈ ನೋಡಿ ಕೆಲಸ ಶುರುವಾಯಿತೋ ಆ ಕೈಗೆ ಅದರ ಒಂದು ಡಾಲರೂ ದಕ್ಕಲಿಲ್ಲ.

ಅದೇ ಹೊತ್ತಿಗೆ ಊರ ತುಂಬಾ ಇವರ ಮೆಷಿನ್ನಿನ ನಕಲುಗಳು. 1851ರಲ್ಲಿ ಐಸಾಕ್ ಸಿಂಗರ್ ಇನ್ನೂ ಒಳ್ಳೆಯ ಮೆಷಿನ್ ತಂದರು, ನಿಜ ಹೇಳಬೇಕೆಂದರೆ ಎಲಿಯಾಸ್ ಅವರದಕ್ಕಿಂತ ಅದರಲ್ಲಿ ಹೊಲಿಯೋದು ಸುಲಭ. ಕಣ್ಣು ಮೊನೆಯಲ್ಲಿರುವ ಸೂಜಿ ಮತ್ತು ಶಟಲ್ ಮಾತ್ರ ಎಲಿಯಾಸ್ ಅವರ ಪೇಟೆಂಟಿನದು. ಕೇಸು ನಡೆಯಿತು. ವಾಲ್ಟರ್ ಹಂಟ್ ಎಂಬುವರು 1830ರ ದಶಕದಲ್ಲೇ ಇಂಥ ಮೆಷಿನ್ ಮಾಡಿದ್ದರು ಅಂತ ಎದುರು ಪಕ್ಷ ವಾದಿಸಿತು. ಮಾಡಿದ್ದು ನಿಜವೇ, ಆದರೆ ಹಂಟ್ ಆಗ ಪೇಟೆಂಟ್ ಪಡೆಯದೆ ಕೈಬಿಟ್ಟಿದ್ದರು. 1854ರಲ್ಲಿ ಎಲಿಯಾಸ್ ಗೆದ್ದರು. 1856ರಲ್ಲಿ ಮುಖ್ಯ ಕಂಪನಿಗಳೆಲ್ಲ ಪೇಟೆಂಟುಗಳನ್ನು ಒಟ್ಟುಗೂಡಿಸಿಕೊಂಡವು, ಮಾರಾಟವಾದ ಒಂದೊಂದು ಮೆಷಿನ್ನಿಗೂ ಇವರಿಗೆ 5 ಡಾಲರ್ ಬರತೊಡಗಿತು. ಉಪವಾಸ ಬಿದ್ದವರು ಲಕ್ಷಾಧೀಶರಾದರು.

ನಮಗೆ ತಮಾಷೆ ಅನ್ನಿಸೋದು ಇದು. ಕೋರ್ಟು ಕಚೇರಿಯ ಈ ಗಲಾಟೆಯ ನಡುವೆ 1851ರಲ್ಲಿ ಎಲಿಯಾಸ್ ಇನ್ನೊಂದು ಪೇಟೆಂಟ್ ಪಡೆದರು. ಗುಂಡಿಯೂ ಬೇಡ ಕಾಜಾವೂ ಬೇಡ, ಬಟ್ಟೆಯ ಎರಡು ಅಂಚನ್ನು ಎಳೆದು ಮುಚ್ಚುವ ಕೊಂಡಿಗಳ ಸಾಲು. ಇವತ್ತಿನ ಜಿಪ್‌ನ ಅಜ್ಜ ಅನ್ನಬಹುದು. ಎದುರಾಳಿಯ ಸಾಕ್ಷಿಯಾಗಿ ಬಂದ ಹಂಟ್ ಕೂಡ 1849ರಲ್ಲಿ ಸೇಫ್ಟಿ ಪಿನ್ನಿಗೆ ಪೇಟೆಂಟ್ ಪಡೆದವರೇ. ಹೊಲಿಗೆ ಮೆಷಿನ್ ಮಾಡಿದ ಇಬ್ಬರೂ ಗುಂಡಿಗೆ ಬದಲಿ ಹುಡುಕಿದ್ದರು! ಎಲಿಯಾಸ್ ಮಾತ್ರ ತಮ್ಮ ಕೊಂಡಿಯನ್ನು ಮಾರುಕಟ್ಟೆಗೆ ತರಲೇ ಇಲ್ಲ. ವಿಟ್‌ಕಂಬ್ ಜಡ್ಸನ್ ಅವರ ಪೇಟೆಂಟ್ ಬರಲು 1893 ಆಗಬೇಕಾಯಿತು.

ಅಂತರ್ಯುದ್ಧ ಬಂದಾಗ ಇಷ್ಟು ಹಣವಿದ್ದೂ ಎಲಿಯಾಸ್ ಕನೆಕ್ಟಿಕಟ್‌ನ 17ನೇ ರೆಜಿಮೆಂಟಿನಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇರಿದರು. ಕಾಲಿನ ತೊಂದರೆಯಿಂದ ಟಪಾಲು ಹಂಚುವ ಕೆಲಸ ಸಿಕ್ಕಿತು. ಸಂಬಳ ತಡವಾದಾಗ ಇಡೀ ರೆಜಿಮೆಂಟಿಗೆ ತಾವೇ ಮುಂಗಡ ಕೊಟ್ಟರಂತೆ.

ಪೇಟೆಂಟಿನ ಅವಧಿ 1867ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಅಕ್ಟೋಬರ್ 3ಕ್ಕೆ ಎಲಿಯಾಸ್ ತೀರಿಕೊಂಡರು, ವಯಸ್ಸು 48. ಕಾಜಾದ ಕೆಲಸ ಅಷ್ಟರಲ್ಲಿ ಬೇರೆಯವರ ಕೈಗೆ ಹೋಗಿತ್ತು. ಕಾಜಾ ಹೊಲಿಯುವ ಮೆಷಿನ್ನಿಗೆ 1854ರಲ್ಲೇ ಚಾರ್ಲ್ಸ್ ಮಿಲ್ಲರ್ ಪೇಟೆಂಟ್ ಪಡೆದಿದ್ದರು. ಅಡ್ಡಡ್ಡ ಓಡುವ ಜಿಗ್‌ಜಾಗ್ ಹೊಲಿಗೆಯ ಮೆಷಿನ್ನಿಗೆ 1873ರಲ್ಲಿ ಪೇಟೆಂಟ್ ಪಡೆದವರು ಹೆಲೆನ್ ಬ್ಲಾಂಚಾರ್ಡ್ ಎಂಬ ಮಹಿಳೆ.