ಅಜ್ಜಿಯ ಮಡಿಲ ಮಾತನ್ನು ನಿಘಂಟಿಗೇರಿಸಿದ ಮೇರಿ ಕವೇನಾ ಪುಕೂಯಿ

ಶಾಂತಸಾಗರದ ನಡುವಿನ ಹವಾಯಿ ದ್ವೀಪಗಳ ಹೆಸರು ಕೇಳಿದೊಡನೆ ನಮಗೆ ಕಡಲತೀರವೂ ಜ್ವಾಲಾಮುಖಿಯೂ ನೆನಪಾಗುತ್ತವೆ. ಆ ದ್ವೀಪಗಳಿಗೆ ತಮ್ಮದೇ ಆದ ನುಡಿಯೊಂದಿದೆ, ಆ ನುಡಿ ಶಾಲೆಯಿಂದ ಹೊರದೂಡಲ್ಪಟ್ಟು ಅಳಿವಿನ ಅಂಚಿಗೆ ಬಂದಿತ್ತು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಮಕ್ಕಳನ್ನು ಕನ್ನಡ ಮಾಧ್ಯಮದ ಶಾಲೆಗೆ ಕಳುಹಿಸುವ ಗಡಿನಾಡಿನ ಮನೆಗಳಲ್ಲಿ, ಆ ನುಡಿಯನ್ನು ಕಾಪಾಡಿದವರಲ್ಲಿ ಅಗ್ರಗಣ್ಯರಾದ ಮೇರಿ ಕವೇನಾ ಪುಕೂಯಿ ಅವರ ಬದುಕನ್ನು ನೆನೆಯುವುದು ಉಚಿತವೆಂದು ಭಾವಿಸುತ್ತೇವೆ.

ಪುಕೂಯಿ ಅವರು 1895ರ ಏಪ್ರಿಲ್ 20ರಂದು ಹವಾಯಿ ದ್ವೀಪದ ದಕ್ಷಿಣ ಭಾಗದ ಕಊ ಸೀಮೆಯಲ್ಲಿ ಜನಿಸಿದರು. ತಾಯಿ ಅದೇ ನೆಲದವರು. ತಂದೆ ಅಮೆರಿಕದ ಮ್ಯಾಸಚೂಸೆಟ್ಸ್‌ನಿಂದ ಬಂದು ಅಲ್ಲಿ ನೆಲೆಸಿದವರು. ಮಗುವನ್ನು ಅಜ್ಜ ಅಜ್ಜಿಯರಿಗೆ ಒಪ್ಪಿಸಿ ಬೆಳೆಸುವ ಹಾನೈ ಎಂಬ ಪದ್ಧತಿ ಆ ಜನರಲ್ಲಿತ್ತು. ಅದರಂತೆ ಈ ಮಗು ತಾಯಿಯ ತಾಯಿಯ ಮಡಿಲು ಸೇರಿತು. ಆ ಅಜ್ಜಿ ಹಿಂದೆ ರಾಣಿ ಎಮ್ಮಾ ಅವರ ಆಸ್ಥಾನದಲ್ಲಿ ಹೂಲ ನರ್ತಕಿಯಾಗಿದ್ದವರು. ಹಳೆಯ ಹಾಡು, ಕಥೆ, ವಂಶಾವಳಿ, ಆಚಾರಗಳೆಲ್ಲವೂ ಮೊಮ್ಮಗಳಿಗೆ ಅಜ್ಜಿಯ ಮಾತಿನಲ್ಲಿಯೇ ದೊರೆತವು. ಆರರ ವಯಸ್ಸಿನ ಹೊತ್ತಿಗೆ ಅಜ್ಜಿ ತೀರಿಕೊಂಡರು; ಹುಡುಗಿ ತಂದೆ ತಾಯಿಯರ ಬಳಿಗೆ ಮರಳಿದಳು. ಮನೆಯಲ್ಲಿ ತಾಯಿ ಹವಾಯಿ ನುಡಿಯನ್ನೂ ತಂದೆ ಇಂಗ್ಲಿಷನ್ನೂ ಆಡುತ್ತಿದ್ದರು. ಹೀಗೆ ಎರಡು ನುಡಿಗಳೂ ಒಂದನ್ನೊಂದು ತಳ್ಳದೆ ಆ ಮಗುವಿನಲ್ಲಿ ಜೊತೆಯಾಗಿ ಬೆಳೆದವು.

ಮನೆಯ ಹೊರಗಿನ ಸ್ಥಿತಿ ಬೇರೆಯಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಹವಾಯಿ ಸ್ವತಂತ್ರ ರಾಜ್ಯವಾಗಿತ್ತು. 1820ರ ದಶಕದಲ್ಲಿ ಲಿಪಿ ಪಡೆದ ಆ ನುಡಿಯಲ್ಲಿ ಶಾಲೆಗಳು ನಡೆದವು, 1834ರಿಂದ ಪತ್ರಿಕೆಗಳು ಹೊರಬಂದವು, ರಾಜ್ಯದ ಸಂವಿಧಾನವೂ ಬರೆಯಲ್ಪಟ್ಟಿತು. 1893ರಲ್ಲಿ ರಾಣಿ ಲಿಲಿಉವೊಕಲಾನಿ ಪದಚ್ಯುತರಾದರು. ಹೊಸ ಆಡಳಿತವು 1896ರಲ್ಲಿ ಕಾನೂನೊಂದನ್ನು ತಂದು, ಎಲ್ಲ ಶಾಲೆಗಳಲ್ಲಿ ಇಂಗ್ಲಿಷೇ ಬೋಧನೆಯ ಮಾಧ್ಯಮವಾಗಬೇಕೆಂದು ವಿಧಿಸಿತು. ಆಗ ಪುಕೂಯಿ ಒಂದು ವರ್ಷದ ಕೂಸು. ಮನೆಯಲ್ಲಿ ಯಾವ ನುಡಿಯನ್ನಾಡಬೇಕೆಂದು ಆ ಕಾನೂನು ಹೇಳಿರಲಿಲ್ಲ. ಆದರೆ ಶಾಲೆಯಲ್ಲಿ ತಾಯ್ನುಡಿಯಾಡಿದ ಮಕ್ಕಳಿಗೆ ಶಿಕ್ಷೆಯಾಗತೊಡಗಿದಾಗ, ಮಕ್ಕಳ ಹಿತಕ್ಕೆಂದೇ ಅನೇಕ ತಂದೆ ತಾಯಿಯರು ಮನೆಯ ಮಾತನ್ನೂ ಬದಲಿಸಿದರು. ಶಾಲೆಯ ಬಾಗಿಲು ಮುಚ್ಚಿದ ನುಡಿಗೆ ಮನೆಯ ಬಾಗಿಲೂ ಮೆಲ್ಲನೆ ಮುಚ್ಚಿತು.

ಪುಕೂಯಿ ಅವರೂ ಆ ಶಿಕ್ಷೆಯಿಂದ ಪಾರಾಗಲಿಲ್ಲ. ಇಂಗ್ಲಿಷ್ ಬಾರದೆ ತಬ್ಬಿಬ್ಬಾಗಿದ್ದ ಹೊಸ ಹುಡುಗಿಯೊಬ್ಬಳಿಗೆ ಅವಳ ನುಡಿಯಲ್ಲಿ ನೆರವಾದುದಕ್ಕೇ ಶಾಲೆಯಲ್ಲಿ ಅವರು ದಂಡನೆಗೊಳಗಾದರು. ಅಂತಹ ಅನುಭವ ಅನೇಕರನ್ನು ಮೌನಕ್ಕೆ ತಳ್ಳಿತ್ತು. ಅವರು ಮಾತ್ರ ಹದಿನೈದರ ಪ್ರಾಯದಲ್ಲಿಯೇ ಹಿರಿಯರ ಕಥೆಗಳನ್ನೂ ಗಾದೆಗಳನ್ನೂ ಬರೆದಿಡಲು ಆರಂಭಿಸಿದರು. 1913ರಲ್ಲಿ ವಿವಾಹವಾದ ಬಳಿಕವೂ ಓದನ್ನು ಬಿಡದೆ, ಪ್ರೌಢಶಿಕ್ಷಣವನ್ನು ಪೂರೈಸಿದರು.

ಹೊನೊಲುಲುವಿನ ಬಿಷಪ್ ವಸ್ತುಸಂಗ್ರಹಾಲಯ ಅವರ ಕಾರ್ಯಕ್ಷೇತ್ರವಾಯಿತು. ಹಳೆಯ ಪತ್ರಿಕೆ ಮತ್ತು ಹಸ್ತಪ್ರತಿಗಳನ್ನು ಅನುವಾದಿಸುತ್ತ, ವಿದ್ವಾಂಸರಿಗೆ ಅರ್ಥ ವಿವರಿಸುತ್ತ ಅಲ್ಲಿ ಅವರು ದಶಕಗಳನ್ನು ಕಳೆದರು. ದ್ವೀಪದಿಂದ ದ್ವೀಪಕ್ಕೆ ತೆರಳಿ ವೃದ್ಧರ ಮಾತು ಮತ್ತು ಹಾಡುಗಳನ್ನು ಧ್ವನಿಮುದ್ರಿಸಿದರು. ಆ ಧ್ವನಿಗಳ ಒಡೆಯರು ಇಂದಿಲ್ಲ; ಅವರ ಉಚ್ಚಾರ, ಏರಿಳಿತಗಳು ಉಳಿದಿವೆ.

ಭಾಷಾವಿಜ್ಞಾನಿ ಸ್ಯಾಮ್ಯುಯೆಲ್ ಎಲ್ಬರ್ಟ್ ಅವರೊಡನೆ ರಚಿಸಿದ ನಿಘಂಟು 1957ರಲ್ಲಿ ಪ್ರಕಟವಾಯಿತು. ಹವಾಯಿ ನುಡಿಗೆ ಅಕ್ಷರಗಳು ಕಡಿಮೆ: ಐದು ಸ್ವರ, ಎಂಟು ವ್ಯಂಜನ. ಆ ವ್ಯಂಜನಗಳಲ್ಲೊಂದು ಗಂಟಲಲ್ಲಿ ಉಸಿರನ್ನು ಕ್ಷಣಕಾಲ ತಡೆದು ಬಿಡುವ ಧ್ವನಿ. ಈ ತಡೆಯನ್ನೂ ಸ್ವರದ ದೀರ್ಘವನ್ನೂ ಹಳೆಯ ಬರವಣಿಗೆ ಸರಿಯಾಗಿ ಗುರುತಿಸುತ್ತಿರಲಿಲ್ಲ. ಪೌ ಎಂದರೆ ಮುಗಿಯಿತು. ನಡುವೆ ಉಸಿರು ತಡೆದು ಪ-ಉ ಎಂದರೆ ಮಸಿ. ಕೊನೆಯನ್ನು ಎಳೆದು ಪ-ಊ ಎಂದರೆ ತೇವ. ಎರಡನ್ನೂ ಎಳೆದು ಪಾ-ಊ ಎಂದರೆ ಹೆಂಗಸರ ಲಂಗ. ಬಳೆಗೂ ಬಾಳೆಗೂ ಇರುವ ಅಂತರವನ್ನು ಒಂದನೆಯ ತರಗತಿಯಲ್ಲೇ ಕಲಿಯುವ ನಮ್ಮ ಮಕ್ಕಳಿಗೆ ಇದರ ಮಹತ್ವ ಸುಲಭವಾಗಿ ತಿಳಿದೀತು. ನುಡಿಯನ್ನು ಕಿವಿಯಿಂದ ಕಲಿತವರಿಗೆ ಆ ಚಿಹ್ನೆಗಳು ಬೇಕಿರಲಿಲ್ಲ. ಕೇಳುವ ಭಾಗ್ಯವಿಲ್ಲದೆ ಪುಸ್ತಕದಿಂದ ಕಲಿಯಬೇಕಾದ ಮುಂದಿನ ಪೀಳಿಗೆಗೆ ಅವೇ ದಾರಿದೀಪವಾದವು. ಬಳಿಕ ಸ್ಥಳನಾಮಗಳ ಕೋಶವೂ, 1983ರಲ್ಲಿ 2,942 ಗಾದೆ, ನುಡಿಗಟ್ಟುಗಳ ಸಂಗ್ರಹವೂ ಹೊರಬಂದವು. ನೂರಕ್ಕೂ ಮಿಕ್ಕಿದ ಹಾಡುಗಳನ್ನು ರಚಿಸಿದ ಅವರು ಹೂಲ ನೃತ್ಯವನ್ನೂ ಕಲಿಸಿದರು. ವಿಶ್ವವಿದ್ಯಾಲಯದ ಪದವಿಯಿಲ್ಲದ ಅವರನ್ನು ಹವಾಯಿ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ನೀಡಿ ಸನ್ಮಾನಿಸಿತು.

1978ರಲ್ಲಿ ಹವಾಯಿ ರಾಜ್ಯವು ಇಂಗ್ಲಿಷಿನೊಡನೆ ಹವಾಯಿ ನುಡಿಯನ್ನೂ ಅಧಿಕೃತ ಭಾಷೆಯಾಗಿ ಸ್ವೀಕರಿಸಿತು. ಆ ವೇಳೆಗೆ, ನಿಹಾವ್ ಎಂಬ ಪುಟ್ಟ ದ್ವೀಪವನ್ನು ಬಿಟ್ಟರೆ, ಅದನ್ನಾಡುವ ಮಕ್ಕಳು ಬೆರಳೆಣಿಕೆಯಷ್ಟು ಮಾತ್ರ ಇದ್ದರು. 1984ರಲ್ಲಿ ಕೆಲವು ಪೋಷಕರೂ ಶಿಕ್ಷಕರೂ ಸೇರಿ ಕವಾಯಿ ದ್ವೀಪದಲ್ಲಿ ಪೂನಾನ ಲೇಯೊ, ಅಂದರೆ ದನಿಯ ಗೂಡು, ಎಂಬ ಶಿಶುಶಾಲೆಯನ್ನು ತೆರೆದರು. 1986ರಲ್ಲಿ ಶಾಸನಸಭೆಯು ಸರಕಾರಿ ಶಾಲೆಗಳಲ್ಲಿ ಹವಾಯಿ ಮಾಧ್ಯಮಕ್ಕಿದ್ದ ಅಡ್ಡಿಯನ್ನು ತೆಗೆಯಿತು. ಮರುವರ್ಷ ತರಗತಿಗಳು ಆರಂಭವಾದವು. ಅದೇ 1986ರ ಮೇ 21ರಂದು ಪುಕೂಯಿ ಅವರು ತಮ್ಮ 91ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಬಹುತೇಕ ಇಡೀ ಬದುಕು ಆ ನಿರ್ಬಂಧದ 90 ವರ್ಷಗಳ ಒಳಗೇ ಸಾಗಿತ್ತು. ಬಾಗಿಲು ಮತ್ತೆ ತೆರೆದಾಗ ಒಳಗೆ ಕಲಿಸಲು ಪದಗಳಿದ್ದವು, ಗಾದೆಗಳಿದ್ದವು, ಹಾಡುಗಳಿದ್ದವು. ಅವುಗಳಲ್ಲಿ ಬಹುಪಾಲು ಅವರು ಕೂಡಿಟ್ಟದ್ದು.

ನಮ್ಮ ಸ್ಥಿತಿ ಹವಾಯಿಯಂತಹುದಲ್ಲ. ಕನ್ನಡಕ್ಕೆ ದೊಡ್ಡ ನಾಡಿದೆ, ಸಾವಿರಕ್ಕೂ ಹೆಚ್ಚು ವರ್ಷಗಳ ಬರವಣಿಗೆಯಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಭಾರತ ಸಂವಿಧಾನದ 350ಎ ವಿಧಿ ಹೇಳುತ್ತದೆ. ಆದರೆ ಕಾಸರಗೋಡಿನಲ್ಲಾಗಲಿ, ತಾಳವಾಡಿಯಲ್ಲಾಗಲಿ, ಜತ್ತದಲ್ಲಾಗಲಿ, ಆದವಾನಿಯಲ್ಲಾಗಲಿ, ತರಗತಿಯಲ್ಲಿ ಮಕ್ಕಳಿಲ್ಲದಿದ್ದರೆ ಆ ವಿಧಿಯೊಂದೇ ಶಾಲೆಯನ್ನು ಉಳಿಸಲಾರದು. ಹವಾಯಿಯ ಜನ 90 ವರ್ಷ ಕಾದು ಪಡೆದುದು ನಮಗೆ ಇಂದಿಗೂ ಕೈಗೆಟಕುವಂತಿದೆ. ಇಂದು ಸಂಜೆ ಮಕ್ಕಳು ಅಜ್ಜಿಯ ಬಳಿ ಕುಳಿತು, ನಮ್ಮ ಊರಿನಲ್ಲಷ್ಟೇ ಬಳಕೆಯಲ್ಲಿರುವ ಹತ್ತು ಪದಗಳನ್ನೋ ಎರಡು ಗಾದೆಗಳನ್ನೋ ನೋಟುಪುಸ್ತಕದಲ್ಲಿ ಬರೆದುಕೊಳ್ಳಲಿ. ಪುಕೂಯಿ ಅವರ ನಿಘಂಟು ಮೊದಲುಗೊಂಡದ್ದೂ ಅಂತಹುದೇ ಒಂದು ಮಡಿಲಿನಲ್ಲಿ.